ಒಂದು ಹೊಟ್ಟೆ, ಎರಡು ತಲೆ: ಗಂಡಭೇರುಂಡ ಹಾದುಬಂದ ದಾರಿ

ವಿಜಯನಗರದ ಅಚ್ಯುತರಾಯ ಹೊರಡಿಸಿದ ವರಹವನ್ನು ಒಮ್ಮೆ ಹತ್ತಿರದಿಂದ ನೋಡಬೇಕು. ಉಗುರಿನಷ್ಟಗಲದ ಚಿನ್ನದ ತುಂಡು, ತೂಕ ಮೂರೂವರೆ ಗ್ರಾಮೂ ಇಲ್ಲ. ಅಷ್ಟೇ ಜಾಗದಲ್ಲಿ ಟಂಕಸಾಲೆಯ ಕುಶಲಿ ರೆಕ್ಕೆ ಬಿಚ್ಚಿದ ಹಕ್ಕಿಯೊಂದನ್ನು ಕೂರಿಸಿದ್ದಾನೆ. ಅದಕ್ಕೆ ಎಡಕ್ಕೊಂದು, ಬಲಕ್ಕೊಂದು ತಲೆ. ಎರಡು ಕೊಕ್ಕಿನಲ್ಲಿ ಎರಡು ಆನೆ, ಎರಡು ಕಾಲಿನ ಉಗುರಲ್ಲಿ ಇನ್ನೆರಡು ಆನೆ. ಹದ್ದಿನ ಕೈಗೆ ಸಿಕ್ಕ ಇಲಿಮರಿಗಳ ಹಾಗೆ ನಾಲ್ಕೂ ಜೋಲಾಡುತ್ತಿವೆ. ಮಗುಚಿ ಹಾಕಿದರೆ ನಾಗರಿ ಅಕ್ಷರದಲ್ಲಿ ರಾಜನ ಹೆಸರು. ಅಚ್ಯುತರಾಯ ಆಳಿದ್ದು 1529ರಿಂದ 1542ರವರೆಗೆ. ಅಂದರೆ ಐನೂರು ವರ್ಷದ ಹಿಂದೆಯೇ ಈ ಹಕ್ಕಿ ನಮ್ಮವರ ಕೈಯಿಂದ ಕೈಗೆ, ಸಂತೆಯಿಂದ ಸಂತೆಗೆ ಓಡಾಡುತ್ತಿತ್ತು.

ಇವತ್ತೂ ಓಡಾಡುತ್ತಿದೆ. ಸರ್ಕಾರಿ ಲಕೋಟೆಯ ಮೇಲಿದೆ, ಸಾರಿಗೆ ಬಸ್ಸಿನ ಮೈಮೇಲಿದೆ, ಮೈಸೂರು ವಿಶ್ವವಿದ್ಯಾನಿಲಯದ ಲಾಂಛನದಲ್ಲಿದೆ. ದಿನಾ ಕಣ್ಣಿಗೆ ಬೀಳುವ ಈ ಹಕ್ಕಿ ಎಲ್ಲಿಯದು ಎಂದು ಕೇಳಿದರೆ ಮನೆಯ ಹಿರಿಯರು ಸಾಮಾನ್ಯವಾಗಿ ನರಸಿಂಹನ ಕಥೆ ಹೇಳುತ್ತಾರೆ. ಹಿರಣ್ಯಕಶಿಪುವನ್ನು ಬಗೆದ ಮೇಲೂ ನರಸಿಂಹನ ಉಗ್ರ ಇಳಿಯಲಿಲ್ಲ. ಲೋಕ ನಡುಗಿತು. ಆಗ ಶಿವ ಶರಭವೆಂಬ ಎಂಟು ಕಾಲಿನ ಮೃಗವಾಗಿ ಬಂದು ಅವನನ್ನು ಹಿಡಿದು ಶಾಂತಗೊಳಿಸಿದ. ಲಿಂಗಪುರಾಣ, ಶಿವಪುರಾಣಗಳಲ್ಲಿ ಕಥೆ ಇಲ್ಲಿಗೇ ನಿಲ್ಲುತ್ತದೆ. ವೈಷ್ಣವರು ಅದನ್ನು ಅಲ್ಲಿಗೇ ಬಿಡಲಿಲ್ಲ. ನರಸಿಂಹ ಗಂಡಭೇರುಂಡನಾಗಿ ಶರಭನನ್ನೇ ಸೀಳಿಹಾಕಿದ ಎಂದು ಉತ್ತರ ಕೊಟ್ಟರು. ಎರಡು ಮತಗಳ ಜಗಳ ಎರಡು ಮೃಗಗಳ ಮೈಹೊಕ್ಕಿತು.

ಕಥೆ ರೋಚಕವಾಗಿದೆ. ಆದರೆ ನಮ್ಮ ಹಕ್ಕಿ ಹುಟ್ಟಿದ್ದು ಈ ಜಗಳದಿಂದಲೇ ಎಂದುಕೊಂಡರೆ ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯ ಕಂಬ ಒಪ್ಪುವುದಿಲ್ಲ.

ಬಳ್ಳಿಗಾವಿ ಆಗ ಬನವಾಸಿ ಹನ್ನೆರಡು ಸಾಸಿರವೆಂಬ ನಾಡಿನ ರಾಜಧಾನಿ. 1047ರಲ್ಲಿ, ಕಲ್ಯಾಣದ ಚಾಲುಕ್ಯ ದೊರೆ ಒಂದನೇ ಸೋಮೇಶ್ವರನ ಕಾಲದಲ್ಲಿ, ಆ ನಾಡನ್ನು ಆಳುತ್ತಿದ್ದ ಮಹಾಮಂಡಲೇಶ್ವರ ಚಾಮುಂಡರಾಯರಸ ಅಲ್ಲೊಂದು ಗಂಡಭೇರುಂಡ ಕಂಬ ನೆಡಿಸಿದ. ಮೂವತ್ತಡಿ ಆಸುಪಾಸಿನ ಏಕಶಿಲೆಯ ಕಂಬ ಅದು. ಅದರ ಭೇರುಂಡ ಪೂರ್ತಿ ಹಕ್ಕಿಯಲ್ಲ. ಮನುಷ್ಯನ ಮೈ, ಕತ್ತಿನ ಮೇಲೆ ಎರಡು ಹಕ್ಕಿತಲೆ. ಗಮನಿಸಬೇಕಾದ್ದು ಕಂಬ ನಿಂತ ಜಾಗವನ್ನು. ಶಾಸನ ಹೇಳುವಂತೆ ಅದು ನೆಟ್ಟಿದ್ದು ಜಗದೇಕಮಲ್ಲೇಶ್ವರ ದೇವರ ಮುಂದೆ. ಹೆಸರೇ ಹೇಳುವ ಹಾಗೆ ಅದು ಶಿವನ ಗುಡಿ. ಶರಭರೂಪಿ ಶಿವನನ್ನು ಸೀಳಿದ ಹಕ್ಕಿ ಇದು ಎಂದು ಅಂದಿನವರು ನಂಬಿದ್ದರೆ ಶಿವನ ಎದುರಿಗೇ ಅದನ್ನು ನಿಲ್ಲಿಸುತ್ತಿದ್ದರೇ? ಖಂಡಿತ ಇಲ್ಲ. ಸಾವಿರ ವರ್ಷದ ಹಿಂದಿನ ಬಳ್ಳಿಗಾವಿಯವರಿಗೆ ಗಂಡಭೇರುಂಡ ಬೇರೆಯೇ ಏನನ್ನೋ ಹೇಳುತ್ತಿತ್ತು.

ಹೇಳುತ್ತಿದ್ದದ್ದು ಏನೆಂದು ತಿಳಿಯಲು ಹೆಸರನ್ನೇ ಬಿಡಿಸಿ ನೋಡಬಹುದು. ಭೇರುಂಡ ಎಂದರೆ ಸಂಸ್ಕೃತದಲ್ಲಿ ಭಯಂಕರ ಎಂದೂ ಅರ್ಥವಿದೆ, ಒಂದು ಹಕ್ಕಿಯ ಹೆಸರೂ ಹೌದು. ಅದರ ಮುಂದಿರುವ ‘ಗಂಡ’ ನಮ್ಮದು. ಹಳಗನ್ನಡದಲ್ಲಿ ಗಂಡನೆಂದರೆ ವೀರ, ಮಿಕ್ಕವರನ್ನು ಮೀರಿದವನು. ‘ಮೂರುರಾಯರ ಗಂಡ’, ‘ಬಿರುದೆಂತೆಂಬರ ಗಂಡ’ ಎಂದೆಲ್ಲ ಅರಸರು ಕಟ್ಟಿಕೊಳ್ಳುತ್ತಿದ್ದ ಬಿರುದುಗಳಲ್ಲಿ ಇರುವುದು ಇದೇ ಗಂಡ. ವಿಜಯನಗರದ ಶಾಸನಗಳಲ್ಲಂತೂ ‘ಗಜೌಘ ಗಂಡಭೇರುಂಡ’ ಎಂಬ ಬಿರುದೇ ಇದೆ: ಆನೆಗಳ ಹಿಂಡಿಗೆ ಗಂಡಭೇರುಂಡನಾದವನು. ಅಚ್ಯುತರಾಯನ ನಾಣ್ಯದ ಚಿತ್ರ ಈ ಬಿರುದಿಗೆ ಬರೆದ ಟಿಪ್ಪಣಿಯ ಹಾಗಿದೆ. ಎದುರಾಳಿ ಅರಸರೆಲ್ಲ ಆನೆಗಳು, ತಾನು ಅವನ್ನು ಎತ್ತಿಕೊಂಡು ಹಾರುವ ಹಕ್ಕಿ. ಬಳ್ಳಿಗಾವಿ ಕಡೆಯ ಶಾಸನಗಳಲ್ಲಿ ಹೊಲ ಅಳೆಯುವ ಒಂದು ಕೋಲಿಗೆ ‘ಭೇರುಂಡ ಗಳೆ’ ಎಂಬ ಹೆಸರಿದೆ. ದೇವರಾಗುವ ಎಷ್ಟೋ ಮೊದಲೇ ಈ ಹಕ್ಕಿ ಅಧಿಕಾರದ ಗುರುತಾಗಿ, ರೈತನ ಗದ್ದೆಯ ಬದುವಿನವರೆಗೂ ನಡೆದು ಬಂದಿತ್ತು.

ಬೇಲೂರಿನ ಚೆನ್ನಕೇಶವ ದೇವಾಲಯದಲ್ಲಿ ಇದಕ್ಕೆ ಇನ್ನೊಂದು ಸುಳಿವಿದೆ. 1117ರಲ್ಲಿ ವಿಷ್ಣುವರ್ಧನ ಕಟ್ಟಿಸಿದ ಆ ಗುಡಿಯ ಒಂದು ಶಿಲ್ಪದಲ್ಲಿ ಪ್ರಾಣಿಗಳು ಸರಪಳಿಯ ಹಾಗೆ ಒಂದನ್ನೊಂದು ಹಿಡಿದಿವೆ. ಹಾವನ್ನು ಆನೆ, ಆನೆಯನ್ನು ಸಿಂಹ, ಸಿಂಹವನ್ನು ಶರಭ, ಶರಭವನ್ನು ಗಂಡಭೇರುಂಡ. ಪಕ್ಕದಲ್ಲೊಬ್ಬ ಋಷಿ ಬೆರಗಾಗಿ ನೋಡುತ್ತಿದ್ದಾನೆ. ಇದನ್ನು ನೋಡಿದಾಗ ನನಗೆ ಮಹಾಭಾರತದ ಶಾಂತಿಪರ್ವದ ನಾಯಿಯ ಕಥೆ ನೆನಪಾಗುತ್ತದೆ. ಋಷಿಯ ಆಶ್ರಮದಲ್ಲಿದ್ದ ನಾಯಿಯ ಮೇಲೆ ಚಿರತೆ ಎರಗಲು ಬಂತು. ಋಷಿ ನಾಯಿಯನ್ನೇ ಚಿರತೆ ಮಾಡಿದ. ಹುಲಿ ಬಂತು, ಹುಲಿ ಮಾಡಿದ. ಆಮೇಲೆ ಆನೆ, ಸಿಂಹ, ಕೊನೆಗೆ ಸಿಂಹವನ್ನೂ ಕೊಲ್ಲುವ ಎಂಟು ಕಾಲಿನ ಶರಭ. ಶರಭವಾದ ಮೇಲೆ ಅದು ಋಷಿಯನ್ನೇ ತಿನ್ನಲು ಹೊಂಚುಹಾಕಿತು, ಶಾಪಕ್ಕೆ ಗುರಿಯಾಗಿ ಮತ್ತೆ ನಾಯಿಯಾಯಿತು. ಇಲ್ಲಿ ಶರಭ ಶಿವನಲ್ಲ, ಬರೀ ಕಾಡಿನ ಮೃಗ, ಬಲಾಬಲದ ಏಣಿಯ ಕೊನೆಯ ಮೆಟ್ಟಿಲು. ಬೇಲೂರಿನ ಶಿಲ್ಪಿ ಆ ಏಣಿಗೆ ಮತ್ತೂ ಒಂದು ಮೆಟ್ಟಿಲು ಹಾಕಿ ಗಂಡಭೇರುಂಡವನ್ನು ಏರಿಸಿದ್ದಾನೆ. ಏಣಿ ಮೊದಲು ಬಂತು. ಶಿವ, ವಿಷ್ಣು ಆಮೇಲೆ ಬಂದು ಅದನ್ನು ಏರಿದರು ಎಂದೇ ನಾನು ಓದಿಕೊಳ್ಳುತ್ತೇನೆ.

ಆದರೆ ಬಲವೊಂದೇ ಬೇಕಿದ್ದರೆ ಒಂದು ತಲೆ ಸಾಕಿತ್ತು. ಆದಿಪರ್ವದ ಗರುಡನಿಗೆ ಇರುವುದು ಒಂದೇ ತಲೆ. ಅಮೃತ ತರಲು ಹೊರಟವನು ದಾರಿಯಲ್ಲಿ ಹಸಿವಾಗಿ, ಒಂದು ಕಾಲಲ್ಲಿ ಆನೆಯನ್ನೂ ಇನ್ನೊಂದರಲ್ಲಿ ಆಮೆಯನ್ನೂ ಎತ್ತಿಕೊಂಡು ಹಾರುತ್ತಾನೆ. (ಆ ಆನೆ, ಆಮೆ ಹಿಂದಿನ ಜನ್ಮದಲ್ಲಿ ಆಸ್ತಿಗಾಗಿ ಬಡಿದಾಡಿದ ಅಣ್ಣತಮ್ಮಂದಿರು. ಪಾಲಿನ ಜಗಳ ಎಷ್ಟು ಹಳೆಯದು ನೋಡಿ.) ಹಾಗಾದರೆ ಎರಡನೆಯ ತಲೆ ಎಲ್ಲಿಂದ ಬಂತು?

ಅದಕ್ಕೆ ಭಾರುಂಡ ಎಂಬ ಇನ್ನೊಂದು ಹಕ್ಕಿಯ ಹಿಂದೆ ಹೋಗಬೇಕು. ಭೀಷ್ಮಪರ್ವದಲ್ಲಿ ಉತ್ತರಕುರು ದೇಶದ ವರ್ಣನೆ ಬರುತ್ತದೆ. ಅಲ್ಲಿ ಸತ್ತವರನ್ನು ಚೂಪು ಕೊಕ್ಕಿನ, ಮಹಾಬಲದ ಭಾರುಂಡ ಪಕ್ಷಿಗಳು ಹೊತ್ತೊಯ್ದು ಬೆಟ್ಟದ ಗವಿಗಳಲ್ಲಿ ಹಾಕುತ್ತವಂತೆ. ಜೈನ ಕಥೆಗಳ ವ್ಯಾಪಾರಿ ಚಾರುದತ್ತ ರತ್ನದ್ವೀಪಕ್ಕೆ ಹೊರಟಾಗ ಆಡಿನ ಚರ್ಮದ ಚೀಲದೊಳಗೆ ಮುದುರಿ ಮಲಗುತ್ತಾನೆ, ಮಾಂಸವೆಂದುಕೊಂಡು ಎತ್ತಿಕೊಂಡು ಹೋಗುವುದು ಇದೇ ಹಕ್ಕಿ. ಅರಬ್ಬರ ಕಥೆಗಳಲ್ಲಿ ಸಿಂದಬಾದನನ್ನು ಹೊತ್ತ ರುಖ್ ಹಕ್ಕಿ ನೆನಪಾದರೆ ತಪ್ಪಲ್ಲ. ಹಿಂದೂ ಮಹಾಸಾಗರದ ವರ್ತಕರ ಹಾಯಿಹಡಗುಗಳಲ್ಲಿ ಮೆಣಸಿನ ಜೊತೆ ಕಥೆಗಳೂ ಸಾಗುತ್ತಿದ್ದವು.

ಭಾರುಂಡಕ್ಕೆ ಎರಡು ತಲೆ, ಒಂದೇ ಹೊಟ್ಟೆ. ಪಂಚತಂತ್ರದ ಕಥೆ ಇದನ್ನು ಬಲ್ಲದು. ಒಂದು ತಲೆಗೆ ಅಮೃತದಂಥ ಹಣ್ಣು ಸಿಕ್ಕಿತು. ಇನ್ನೊಂದು ತಲೆ ‘ನನಗೂ ಕೊಡು’ ಎಂದಿತು. ‘ಹೋಗುವುದು ಒಂದೇ ಹೊಟ್ಟೆಗೆ ತಾನೆ’ ಎಂದು ಮೊದಲನೆಯದು ಕೊಡಲಿಲ್ಲ. ಎರಡನೆಯದು ಮನಸ್ಸಿನಲ್ಲೇ ಹಗೆ ಇಟ್ಟುಕೊಂಡು, ಒಂದು ದಿನ ವಿಷದ ಹಣ್ಣು ಕಂಡಾಗ ಬೇಕೆಂದೇ ನುಂಗಿತು. ಎರಡೂ ಸತ್ತವು. ಬೌದ್ಧರಲ್ಲಿ ಇದೇ ಕಥೆಯ ತಲೆಗಳಿಗೆ ಗರುಡ, ಉಪಗರುಡ ಎಂಬ ಹೆಸರಿದೆ. ಒಂದು ತಲೆ ಹಿಂದಿನ ಜನ್ಮದ ಬುದ್ಧ, ಇನ್ನೊಂದು ಅವನ ದಾಯಾದಿ ದೇವದತ್ತ. ಹಕ್ಕಿಯ ಬೌದ್ಧ ಹೆಸರು ಜೀವಂಜೀವ. 5ನೇ ಶತಮಾನದ ಆರಂಭದಲ್ಲಿ ಬೌದ್ಧ ಭಿಕ್ಷು ಕುಮಾರಜೀವ ಚೀನೀ ಭಾಷೆಗೆ ತಂದ ಅಮಿತಾಭ ಸೂತ್ರದಲ್ಲಿ, ಅಮಿತಾಭ ಬುದ್ಧನ ಲೋಕವಾದ ಸುಖಾವತಿಯಲ್ಲಿ ಹಾಡುವ ಹಕ್ಕಿಗಳ ಸಾಲಿನಲ್ಲಿ ಇದೂ ಇದೆ. ಚೀನೀಯರು ಅದನ್ನು ‘ಒಂದೇ ಬಾಳು ಹಂಚಿಕೊಂಡ ಹಕ್ಕಿ’ ಎಂದು ಕರೆದರು.

ಜೈನರ ಮಾತು ನನಗೆ ಎಲ್ಲಕ್ಕಿಂತ ಇಷ್ಟ. ಉತ್ತರಾಧ್ಯಯನ ಸೂತ್ರದಲ್ಲಿ ಮುನಿಗೆ ಹೇಳುವ ಮಾತೊಂದಿದೆ: ಗಳಿಗೆಗಳು ಘೋರ, ಶರೀರ ದುರ್ಬಲ, ಭಾರುಂಡ ಹಕ್ಕಿಯ ಹಾಗೆ ಎಚ್ಚರ ತಪ್ಪದೆ ನಡೆ. ಹಕ್ಕಿ ಯಾಕೆ ಅಷ್ಟು ಎಚ್ಚರ? ಒಂದು ಮೈಗೆ ಎರಡು ಮನಸ್ಸು. ಒಂದು ತಲೆ ಒಂದು ಕಡೆ, ಇನ್ನೊಂದು ತಲೆ ಇನ್ನೊಂದು ಕಡೆ ಹೊರಟರೆ ಮೈ ಉಳಿಯದು. ಪಂಚತಂತ್ರದವನು ಸಾವು ಕಂಡಲ್ಲಿ ಜೈನ ಮುನಿ ಜಾಗ್ರತೆ ಕಂಡ.

ಹೀಗೆ ನಮ್ಮ ನೆಲದಲ್ಲೇ ಎರಡು ಹಕ್ಕಿಗಳಿದ್ದವು: ಆನೆ ಎತ್ತುವ ಒಂಟಿತಲೆಯದು, ಎಚ್ಚರದಿಂದ ಬದುಕುವ ಜೋಡಿತಲೆಯದು. ಗಂಡಭೇರುಂಡದಲ್ಲಿ ಇವೆರಡೂ ಕೂಡಿಕೊಂಡಿವೆ. ಆದರೆ ಕಥೆ ಬೇರೆ, ಚಿತ್ರ ಬೇರೆ. ರೆಕ್ಕೆ ಹರಡಿ, ತಲೆಗಳನ್ನು ಆಚೀಚೆ ತಿರುಗಿಸಿ, ಉಗುರಲ್ಲಿ ಬೇಟೆ ಹಿಡಿದು ಎದುರಿಗೆ ನಿಂತ ಆ ಭಂಗಿಗೆ ಇನ್ನೂ ಹಳೆಯ ಊರುಗಳಿವೆ.

ಇರಾಕಿನ ದಕ್ಷಿಣದಲ್ಲಿ, ಅಲ್ ಉಬೈದ್ ದಿಬ್ಬದಲ್ಲಿ 1919ರಲ್ಲಿ ಸಿಕ್ಕ ತಾಮ್ರದ ಫಲಕವೊಂದು ಈಗ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದೆ. ಎರಡೂವರೆ ಮೀಟರಿಗೂ ಉದ್ದ, ಸುಮಾರು ಕ್ರಿ.ಪೂ. 2500ರದ್ದು. ಸಿಂಹದ ತಲೆಯ ಹದ್ದು ರೆಕ್ಕೆ ಚಾಚಿ, ಎಡಬಲಗಳಲ್ಲಿ ಒಂದೊಂದು ಸಾರಗವನ್ನು ಉಗುರಲ್ಲಿ ಹಿಡಿದಿದೆ. ಸುಮೇರಿಯದ ಜನ ಇದನ್ನು ಇಮ್‌ದುಗುದ್ ಅಂದರು, ಅಕ್ಕಾದಿನವರು ಅಂಜು ಅಂದರು. ಅಂಜು ದೇವರಾಜ ಎನ್‌ಲಿಲನಿಂದ ವಿಧಿಯ ಫಲಕವನ್ನೇ ಕದ್ದು ಹಾರಿದ. ನಿನುರ್ತ ದೇವ ಬೆನ್ನಟ್ಟಿ ಕೊಂದ. ಇಂದ್ರನ ಕಾವಲಿನಿಂದ ಅಮೃತ ಹಾರಿಸಿಕೊಂಡು ಹೋದ ನಮ್ಮ ಗರುಡನ ಪಕ್ಕದಲ್ಲಿ ಇವನನ್ನು ನಿಲ್ಲಿಸಿ ನೋಡಿ. ಒಬ್ಬ ಕಳ್ಳನೆನಿಸಿಕೊಂಡು ಸತ್ತ, ಇನ್ನೊಬ್ಬ ವಿಷ್ಣುವಿನ ವಾಹನವಾದ.

ಈ ಭಂಗಿಗೆ ಜೋಡಿ ತಲೆ ಕೂಡಿಕೊಂಡದ್ದು ಮುಂದಿನ ಕೆಲವು ಶತಮಾನಗಳಲ್ಲಿ. ಮಧ್ಯ ಏಷ್ಯಾದ ಬ್ಯಾಕ್ಟ್ರಿಯಾದಲ್ಲೂ, ಇಂದಿನ ಟರ್ಕಿಯ ಅನಾತೋಲಿಯಾದಲ್ಲೂ ಎರಡು ತಲೆಯ ಹದ್ದಿನ ಮುದ್ರೆಗಳಿದ್ದವು. ಮುದ್ರೆ ಎಂಬ ಮಾತು ಇಲ್ಲಿ ಮುಖ್ಯ. ಮುದ್ರೆಯನ್ನು ಜೇಡಿಯ ಮೇಲೆ ಒತ್ತಿದಾಗ ಎಡ ಬಲವಾಗುತ್ತದೆ, ಬಲ ಎಡವಾಗುತ್ತದೆ. ಒಂದೇ ತಲೆಯ ಹದ್ದು ಒತ್ತಿದರೆ ಮುಖ ತಿರುಗುತ್ತದೆ. ಎರಡು ತಲೆಯದು ಹೇಗೆ ಒತ್ತಿದರೂ ಅದೇ. ರೆಕ್ಕೆ ಎರಡು, ಕಾಲು ಎರಡು, ಬೇಟೆ ಎರಡು ಇರುವಾಗ ತಲೆಯೊಂದನ್ನು ಮಾತ್ರ ಒಂದು ಕಡೆ ವಾಲಿಸಲು ಕೆತ್ತುವ ಕೈ ಒಪ್ಪಿರಲಿಕ್ಕಿಲ್ಲ. ಎರಡನೆಯ ತಲೆಯನ್ನು ಕೊಟ್ಟವರು ಕುಶಲಕರ್ಮಿಗಳು, ಅದಕ್ಕೆ ಅರ್ಥ ಕೊಟ್ಟವರು ಕಥೆಗಾರರು ಎಂದು ನನಗೆ ಅನ್ನಿಸುವುದು ಇದರಿಂದಲೇ.

ಕ್ರಿ.ಪೂ. 13ನೇ ಶತಮಾನದ ಹೊತ್ತಿಗೆ ಅನಾತೋಲಿಯಾವನ್ನು ಆಳುತ್ತಿದ್ದ ಹಿಟ್ಟೈಟರು ಇದನ್ನು ಬಂಡೆಗೆ ಏರಿಸಿದ್ದರು. ಅವರ ರಾಜಧಾನಿ ಹತ್ತೂಷದ ಪಕ್ಕದ ಯಜಿಲಿಕಾಯದಲ್ಲಿ ದೇವತೆಗಳ ಮೆರವಣಿಗೆಯನ್ನೇ ಕೆತ್ತಿದ್ದಾರೆ. ಅದರಲ್ಲಿ ಇಬ್ಬರು ದೇವಿಯರು ಒಂದೇ ಜೋಡಿತಲೆ ಹದ್ದಿನ ಮೇಲೆ ನಿಂತಿದ್ದಾರೆ. ಹತ್ತಿರದ ಅಲಾಜಾ ಹೊಯುಕ್‌ನ ಸ್ಫಿಂಕ್ಸ್ ಬಾಗಿಲಲ್ಲಿ ಹದ್ದಿನ ಒಂದೊಂದು ಕಾಲಲ್ಲಿ ಒಂದೊಂದು ಮೊಲ. ಅಲ್ಲಿ ಮೊಲ, ಇಲ್ಲಿ ಆನೆ: ಹಿಡಿತ ಅದೇ.

ಹತ್ತೂಷಕ್ಕೂ ಬಳ್ಳಿಗಾವಿಗೂ ನಡುವೆ ಎರಡು ಸಾವಿರ ವರ್ಷಕ್ಕೂ ಮೀರಿದ ಅಂತರವಿದೆ. ದಾರಿಯಲ್ಲಿ ಕಣ್ಣಿಗೆ ಕಾಣುವ ಒಂದು ತಂಗುದಾಣ ತಕ್ಷಶಿಲೆಯ ಸಿರ್ಕಪ್. ಪುರಾತತ್ವಜ್ಞ ಜಾನ್ ಮಾರ್ಷಲ್ ಅಗೆದು ತೆಗೆದ ಆ ಪಟ್ಟಣದಲ್ಲಿ ಎರಡು ಸಾವಿರ ವರ್ಷದ ಹಿಂದಿನ ಒಂದು ಬೌದ್ಧ ಸ್ತೂಪದ ಪೀಠವಿದೆ. ಮುಖಭಾಗದ ಅರೆಗಂಬಗಳು ಗ್ರೀಕರವು. ನಡುವಿನ ಗೂಡುಗಳಲ್ಲಿ ಒಂದಕ್ಕೆ ಗ್ರೀಕ್ ತ್ರಿಕೋನದ ನೆತ್ತಿ, ಇನ್ನೊಂದಕ್ಕೆ ನಮ್ಮ ಚೈತ್ಯದ ಕಮಾನು, ಮತ್ತೊಂದಕ್ಕೆ ತೋರಣ. ಕಮಾನಿನ ತುದಿಯಲ್ಲಿ ಜೋಡಿತಲೆಯ ಹದ್ದು ಕೂತಿದೆ. ಯಾವ ದೇಶದ್ದು ಯಾವುದು ಎಂದು ತಲೆಕೆಡಿಸಿಕೊಳ್ಳದೆ, ಚೆಂದ ಕಂಡದ್ದನ್ನೆಲ್ಲ ಒಂದೇ ಗೋಡೆಗೆ ತಂದ ಆ ಶಿಲ್ಪಿಯ ಮೇಲೆ ನನಗೆ ಪ್ರೀತಿ. ಅಲ್ಲಿಂದ ಬನವಾಸಿಯವರೆಗೆ ಹಕ್ಕಿ ನೇರ ಹಾರಿತು ಎಂದು ಸಾಧಿಸುವ ಸಾಕ್ಷ್ಯವಿಲ್ಲ. ಹಾಗಂತ ಇದೆಲ್ಲ ಬರೀ ಕಾಕತಾಳೀಯ ಎಂದು ತಳ್ಳಿಹಾಕಲೂ ಮನಸ್ಸು ಬಾರದು.

ಪಶ್ಚಿಮದ ಕಡೆ ಹೋದ ಹಕ್ಕಿಯ ಕಥೆ ಬೇಗ ಮುಗಿಯುತ್ತದೆ, ಏಕೆಂದರೆ ಅಲ್ಲಿ ಅದು ಪೂರ್ತಿ ಅರಮನೆಯ ಸೊತ್ತಾಯಿತು. ಸೆಲ್ಜುಕ್ ತುರ್ಕರು ತಮ್ಮ ಕಟ್ಟಡಗಳ ಕಲ್ಲಿನಲ್ಲಿ ಕೆತ್ತಿಸಿದರು, ಬೈಜಾಂಟಿಯಮ್ಮಿನ ಕೊನೆಯ ರಾಜವಂಶ ಇಟ್ಟುಕೊಂಡಿತು, 1497ರಲ್ಲಿ ಮಾಸ್ಕೋದ ಮೂರನೇ ಇವಾನನ ಮುದ್ರೆಗೆ ಬಂತು. ಇಂದಿಗೂ ರಷ್ಯಾದ ಲಾಂಛನದಲ್ಲಿ, ಅಲ್ಬೇನಿಯಾದ ಬಾವುಟದಲ್ಲಿ ಇದೆ. ಆ ಹದ್ದಿಗೆ ಹಣ್ಣಿನ ಜಗಳದ ಕಥೆ ಗೊತ್ತಿಲ್ಲ.

ನಮ್ಮಲ್ಲಿ ಅದು ವಿಜಯನಗರದಿಂದ ಕೆಳದಿಗೆ ಹೋಯಿತು, ಅಲ್ಲಿನ ರಾಮೇಶ್ವರ ಗುಡಿಯ ಛಾವಣಿಯಲ್ಲಿ ತಲೆಯೆತ್ತಿ ನೋಡಿದರೆ ಕಾಣುತ್ತದೆ. ಮತ್ತೆ, ಅದೂ ಶಿವನ ಗುಡಿಯೇ. ಮೈಸೂರಿನ ರಾಜ ಒಡೆಯರು 1610ರಲ್ಲಿ ಶ್ರೀರಂಗಪಟ್ಟಣವನ್ನು ವಿಜಯನಗರದ ಪ್ರತಿನಿಧಿಯ ಕೈಯಿಂದ ಪಡೆದ ಮೇಲೆ ನವರಾತ್ರಿಯ ಉತ್ಸವವನ್ನು ಅಲ್ಲಿ ಮುಂದುವರಿಸಿದರು. ಗಂಡಭೇರುಂಡವೂ ಒಡೆಯರ ರಾಜಲಾಂಛನವಾಗಿ, ‘ಸತ್ಯಮೇವೋದ್ಧರಾಮ್ಯಹಂ’ ಎಂಬ ಬರಹದ ಜೊತೆ ಅರಮನೆಯಲ್ಲಿ ನೆಲೆಯಾಯಿತು. ಅಲ್ಲಿಂದ ರಾಜ್ಯದ ಲಾಂಛನಕ್ಕೆ ಬಂತು.

ಈ ಲಾಂಛನವನ್ನು ಮುಂದಿನ ಸಲ ಕಂಡಾಗ ಹಕ್ಕಿಯ ಆಚೀಚೆ ನೋಡಿ. ಗುರಾಣಿಯ ಎರಡೂ ಬದಿ ಆನೆಯ ತಲೆ, ಸಿಂಹದ ಮೈಯ ಎರಡು ಮೃಗ. ಇವನ್ನು ಕೆಲವರು ಗಜಕೇಸರಿ ಎನ್ನುತ್ತಾರೆ, ಕೆಲವರು ಶರಭ ಎನ್ನುತ್ತಾರೆ. ಅಚ್ಯುತರಾಯನ ವರಹದಲ್ಲಿ ಕೊಕ್ಕಿನಿಂದ ಜೋಲಾಡುತ್ತಿದ್ದ ಆನೆ, ಬೇಲೂರಿನಲ್ಲಿ ಆ ಆನೆಯನ್ನು ಹಿಡಿದಿದ್ದ ಸಿಂಹ, ಎರಡೂ ಒಂದೇ ಮೈಯಾಗಿ, ತಮ್ಮನ್ನು ಬೇಟೆಯಾಡಿದ ಹಕ್ಕಿಗೇ ಕಾವಲು ನಿಂತಿವೆ.