ಮಾತಿಲ್ಲದ ಸಂಗೀತಕ್ಕೆ ಮರ್ಯಾದೆ ಬಂದ ಕಥೆ

1784ರ ಜುಲೈ ತಿಂಗಳಲ್ಲಿ ಪ್ರಷ್ಯಾದ ಕೋನಿಗ್ಸ್‌ಬರ್ಗ್ ನಗರದ ಮೇಯರ್ ಕೈಗೆ ಒಂದು ದೂರಿನ ಪತ್ರ ಬಂತು. ಮನೆ ಹತ್ತಿರದ ಜೈಲಿನಲ್ಲಿ ಕೈದಿಗಳು ಗಂಟಲು ಹರಿಯುವಂತೆ ದೇವರ ಹಾಡು ಹಾಡುತ್ತಾರೆ, ಕಿಟಕಿ ಮುಚ್ಚಿಕೊಂಡು ಮೆಲ್ಲಗೆ ಹಾಡಿದರೆ ಅವರ ಮೋಕ್ಷಕ್ಕೇನೂ ಅಡ್ಡಿಯಾಗದು ಅನ್ನುವುದು ಅದರ ಸಾರಾಂಶ. ಬರೆದವನು ಇಮ್ಯಾನ್ಯುಯಲ್ ಕಾಂಟ್. ಯುರೋಪಿನ ಜ್ಞಾನೋದಯ ಕಾಲದ, ಅಂದರೆ ಎಲ್ಲವನ್ನೂ ಬುದ್ಧಿಯಿಂದ ಅಳೆಯಲು ಹೊರಟ 18ನೇ ಶತಮಾನದ, ಅತಿ ದೊಡ್ಡ ತತ್ವಜ್ಞಾನಿಗಳಲ್ಲಿ ಒಬ್ಬ.

ಆರು ವರ್ಷದ ನಂತರ, 1790ರಲ್ಲಿ, ಸೌಂದರ್ಯದ ಬಗ್ಗೆ ಬರೆದ ಗ್ರಂಥದಲ್ಲೂ ಈ ಕಿರಿಕಿರಿ ಇಣುಕುತ್ತದೆ. ಸಂಗೀತ ಮನಸ್ಸನ್ನು ಕಲಕುತ್ತದೆ ಅನ್ನುವುದನ್ನು ಕಾಂಟ್ ಒಪ್ಪುತ್ತಾನೆ. ಆದರೆ ಕೇಳಿದ ಮೇಲೆ ಬುದ್ಧಿಗೆ ಏನು ಉಳಿಯಿತು ಅಂತ ಲೆಕ್ಕ ಹಾಕಿದರೆ, ಲಲಿತಕಲೆಗಳ ಸಾಲಿನಲ್ಲಿ ಅದಕ್ಕೆ ಸಿಗುವುದು ಕೊನೆಯ ಜಾಗ. ಇನ್ನೊಂದು ತಕರಾರೂ ಇತ್ತು. ಸಂಗೀತಕ್ಕೆ ಸಭ್ಯತೆ ಕಮ್ಮಿ, ಬೇಡ ಅಂದವರ ಕಿವಿಗೂ ನುಗ್ಗುತ್ತದೆ. ಸೆಂಟು ಹಾಕಿದ ಕರವಸ್ತ್ರವನ್ನು ಜೇಬಿನಿಂದ ತೆಗೆದವನು ಸುತ್ತಲಿನವರಿಗೆಲ್ಲ ಅದರ ವಾಸನೆ ಕುಡಿಸುತ್ತಾನಲ್ಲ, ಹಾಗೆ ಅಂತ ಅವನೇ ಬರೆದಿದ್ದಾನೆ.

ಇದಾಗಿ 30 ವರ್ಷ ಕಳೆಯುವುದರೊಳಗೆ ಇನ್ನೊಬ್ಬ ಜರ್ಮನ್ ತತ್ವಜ್ಞಾನಿ ಶೋಪೆನ್‌ಹಾವರ್ ಅದೇ ಸಂಗೀತವನ್ನು ಎಲ್ಲ ಕಲೆಗಳ ತಲೆಯ ಮೇಲೆ ಕೂರಿಸಿದ. ಅದರಲ್ಲೂ ಮಾತೇ ಇಲ್ಲದ ವಾದ್ಯಸಂಗೀತವನ್ನು. ಇಷ್ಟು ಬೇಗ ಲೆಕ್ಕ ಹೇಗೆ ತಿರುಗಿತು?

ಪಠ್ಯಪುಸ್ತಕದ ಉತ್ತರ ಎಲ್ಲರಿಗೂ ಗೊತ್ತು. ಜ್ಞಾನೋದಯ ಅಂದರೆ ಬುದ್ಧಿ, ಅದರ ಬೆನ್ನಿಗೇ ಬಂದ ರೊಮ್ಯಾಂಟಿಸಿಸಂ ಎಂಬ ಕಲಾ ಚಳವಳಿ ಅಂದರೆ ಭಾವ. ಪರೀಕ್ಷೆಗೆ ಇದು ಸಾಕು, ಆದರೆ ಸಂಗೀತದ ವಿಷಯಕ್ಕೆ ಬಂದರೆ ಹೊಂದುವುದಿಲ್ಲ. ಜರ್ಮನಿಯ ಹೆಸರಾಂತ ಸಂಗೀತಗಾರ ದೊಡ್ಡ ಬಾಖ್‌ನ ಮಗ ಕಾರ್ಲ್ ಫಿಲಿಪ್ ಇಮ್ಯಾನ್ಯುಯಲ್ ಬಾಖ್, ಪ್ರಷ್ಯಾದ ದೊರೆ ಫ್ರೆಡರಿಕ್‌ನ ಆಸ್ಥಾನದಲ್ಲಿ ಇದ್ದವನು, 1753ರಲ್ಲೇ ಬರೆದಿದ್ದ: ತಾನು ಕರಗದ ಸಂಗೀತಗಾರ ಬೇರೆಯವರನ್ನು ಕರಗಿಸಲಾರ. ಭಾವಕ್ಕೇನೂ ಆ ಕಾಲದಲ್ಲಿ ಬರ ಇರಲಿಲ್ಲ. ಆದರೆ ಆ ಭಾವ ಯಾವುದರ ಬಗ್ಗೆ ಅಂತ ತಿಳಿಯಲು ಮಾತು ಬೇಕು ಅಂತ ಜನ ನಂಬಿದ್ದರು.

ಆ ನಂಬಿಕೆಗೆ ಒಂದು ಸಿದ್ಧಾಂತವೂ ಇತ್ತು. 1746ರಲ್ಲಿ ಫ್ರಾನ್ಸಿನ ಬಾತ್ತೂ ಎಂಬ ಪಾದ್ರಿ, ಎಲ್ಲ ಕಲೆಗಳ ಮೂಲ ಒಂದೇ, ಅದು ಸುಂದರ ಪ್ರಕೃತಿಯ ಅನುಕರಣೆ ಅಂತ ಸಾಧಿಸಿದ. ಚಿತ್ರಕಾರ ಮರವನ್ನು ಬರೆಯುತ್ತಾನೆ, ಕವಿ ಮನುಷ್ಯರ ಕೆಲಸಗಳನ್ನು ಹೇಳುತ್ತಾನೆ. ಸರಿ, ಎರಡು ಪಿಟೀಲು, ಹಾರ್ಪ್ಸಿಕಾರ್ಡ್ ಎಂಬ ಒಂದು ಕೀಲಿಮಣೆ ವಾದ್ಯ ಸೇರಿ ಏನನ್ನು ಅನುಕರಿಸುತ್ತವೆ? ಹಾಡಾದರೆ ಅದರಲ್ಲಿ ಮಾತಿದೆ, ಅಳು ನಗು ಇದೆ. ವಾದ್ಯಗಳಿಗೆಂದೇ ಬರೆದ ಸೊನಾಟಾದಲ್ಲಿ ಏನಿದೆ? ಫೊಂಟನೆಲ್ ಎಂಬ ಲೇಖಕ ಬೇಸತ್ತು, ‘ಸೊನಾಟಾ, ನಿನಗೆ ನನ್ನಿಂದ ಏನಾಗಬೇಕು?’ ಅಂತ ಕೇಳಿದನಂತೆ. ಈ ಮಾತನ್ನು ನೆನಪಿನಲ್ಲಿ ಉಳಿಸಿದವನು ತತ್ವಜ್ಞಾನಿ ರೂಸೋ. 1768ರ ತನ್ನ ಸಂಗೀತ ನಿಘಂಟಿನಲ್ಲಿ ಇದನ್ನು ಎತ್ತಿ ಹೇಳಿ, ಮೇಲೆ ತನ್ನದೂ ಒಂದು ಕೊಂಕು ಸೇರಿಸಿದ. ಚಿತ್ರ ಬರೆಯಲು ಬಾರದವನು ಕೆಳಗೆ ‘ಇದು ಮರ’, ‘ಇದು ಮನುಷ್ಯ’, ‘ಇದು ಕುದುರೆ’ ಅಂತ ಬರೆಯಬೇಕಾಗುತ್ತದಲ್ಲ, ಸೊನಾಟಾದ ಪಾಡೂ ಅಷ್ಟೇ ಅಂದ.

ರೂಸೋ ಹೊರಗಿನಿಂದ ಮಾತಾಡುತ್ತಿರಲಿಲ್ಲ. ದಿದೆರೋ ಮತ್ತು ದಾಲಂಬೇರ್ 1751ರಿಂದ ಹೊರತಂದ ವಿಶ್ವಕೋಶಕ್ಕೆ ಸಂಗೀತದ ಲೇಖನಗಳನ್ನು ಬರೆದವನು ಅವನೇ. ಸ್ವರಲಿಪಿ ನಕಲು ಮಾಡಿ ಹೊಟ್ಟೆ ಹೊರೆದವನು. ಅವನದೇ ಒಂದು ಪುಟ್ಟ ಒಪೆರಾ, ಅಂದರೆ ಹಾಡಿನಲ್ಲೇ ನಡೆಯುವ ನಾಟಕ, 1752ರಲ್ಲಿ ರಾಜ 15ನೇ ಲೂಯಿಯ ಎದುರು ನಡೆದಿತ್ತು. ಅದೇ ವರ್ಷ ಇಟಲಿಯ ಹಾಸ್ಯ ಒಪೆರಾ ತಂಡವೊಂದು ಪ್ಯಾರಿಸ್‌ಗೆ ಬಂದು, ಇಟಾಲಿಯನ್ ಸಂಗೀತ ಮೇಲೋ ಫ್ರೆಂಚ್ ಮೇಲೋ ಅಂತ ಊರಿಗೆ ಊರೇ ಎರಡು ಪಾಳಯವಾಯಿತು. ಒಪೆರಾ ಮನೆಯಲ್ಲಿ ರಾಜನ ಬಾಕ್ಸ್ ಕೆಳಗೆ ಒಂದು ಗುಂಪು, ರಾಣಿಯ ಬಾಕ್ಸ್ ಕೆಳಗೆ ಇನ್ನೊಂದು. ಅಷ್ಟೆಲ್ಲ ಕಿತ್ತಾಡಿದರೂ ಒಂದು ವಿಷಯಕ್ಕೆ ಯಾರೂ ಹೆಚ್ಚಾಗಿ ತಕರಾರು ತೆಗೆಯಲಿಲ್ಲ: ಸಂಗೀತ ಅಂದರೆ ಮೊದಲಿಗೆ ಹಾಡು.

ಇದು ಪಂಡಿತರ ಮಾತಾಯಿತು. ಸಂಗೀತ ಮಾಡುವವರ ಬದುಕು ಹೇಗಿತ್ತು?

1761ರ ಮೇ 1ರಂದು ಆಸ್ಟ್ರಿಯಾದ ಸಂಗೀತಗಾರ ಹೈಡನ್ ಎಸ್ಟರ್‌ಹಾಜಿ ಎಂಬ ಶ್ರೀಮಂತ ಮನೆತನದ ಕೆಲಸಕ್ಕೆ ಸೇರುವಾಗ ಸಹಿ ಹಾಕಿದ ಕರಾರು ಪತ್ರ ಇವತ್ತಿಗೂ ಓದಲು ಸಿಗುತ್ತದೆ. ಬಿಳಿ ಕಾಲುಚೀಲ, ಬಿಳಿ ಅಂಗಿ, ತಲೆಗೆ ಪೌಡರು, ಜಡೆ ಅಥವಾ ವಿಗ್. ದಿನಕ್ಕೆ ಎರಡು ಸಲ ಒಡೆಯನ ಕೋಣೆಯ ಹೊರಗೆ ನಿಂತು, ಇವತ್ತು ವಾದ್ಯಮೇಳ ಬೇಕೋ ಬೇಡವೋ ಅಂತ ಅಪ್ಪಣೆ ಕೇಳಬೇಕು. ಬರೆದ ಸಂಗೀತವನ್ನು ಬೇರೆಯವರಿಗೆ ಕೊಡುವ ಹಾಗಿಲ್ಲ, ಅನುಮತಿ ಇಲ್ಲದೆ ಹೊರಗಿನವರಿಗೆ ಬರೆಯುವ ಹಾಗೂ ಇಲ್ಲ. ಸಂಬಳ ವರ್ಷಕ್ಕೆ 400 ಗಿಲ್ಡರ್. ಸುಮ್ನೆ ಮರುಗುವ ಮೊದಲು ಇನ್ನೊಂದನ್ನೂ ನೋಡಬೇಕು: ಆ ಮನೆಯಲ್ಲಿ ಹೈಡನ್‌ಗೆ ಸದಾ ಕೈಗೆ ಸಿಗುವ ಒಂದು ಒಳ್ಳೆಯ ವಾದ್ಯಮೇಳ ಇತ್ತು, ಬರೆದದ್ದನ್ನು ಕೂಡಲೇ ನುಡಿಸಿ ನೋಡಬಹುದಿತ್ತು. ಇಡೀ ವಾದ್ಯಮೇಳಕ್ಕೆ ಹಲವು ಭಾಗಗಳಲ್ಲಿ ಬರೆಯುವ ಸಿಂಫನಿ ಅನ್ನುವ ಪ್ರಕಾರ ಮೈಕೈ ತುಂಬಿಕೊಂಡದ್ದು ಬಹುಮಟ್ಟಿಗೆ ಅಲ್ಲಿಯೇ.

ಮೊಜಾರ್ಟ್‌ಗೆ ಈ ತಾಳ್ಮೆ ಇರಲಿಲ್ಲ. 1781ರಲ್ಲಿ ತನ್ನ ಒಡೆಯನಾಗಿದ್ದ ಸಾಲ್ಜ್‌ಬರ್ಗ್‌ನ ಆರ್ಚ್‌ಬಿಷಪ್ ಜೊತೆ ವಿಯೆನ್ನಾಗೆ ಬಂದಾಗ ಊಟಕ್ಕೆ ಅವನನ್ನು ಕೂರಿಸಿದ್ದು ಆಳುಗಳ ಪಂಕ್ತಿಯಲ್ಲಿ. ಅಡುಗೆಯವರಿಗಿಂತ ಮೇಲಿನ ಜಾಗವಾದರೂ ಸಿಕ್ಕಿತಲ್ಲ ಅಂತ ಅಪ್ಪನಿಗೆ ವ್ಯಂಗ್ಯವಾಗಿ ಬರೆದ. ಜೂನ್‌ನಲ್ಲಿ ಜಗಳ ತಾರಕಕ್ಕೇರಿ, ಬಿಷಪ್‌ನ ಅಧಿಕಾರಿ ಕೌಂಟ್ ಆರ್ಕೊ ಅವನನ್ನು ಒದ್ದು ಹೊರಗಟ್ಟಿದ. ಮುಂದೆ ಕೆಲವು ವರ್ಷ ಮೊಜಾರ್ಟ್ ಯಾರ ಸಂಬಳಕ್ಕೂ ಕೈಯೊಡ್ಡದೆ ಪಾಠ ಹೇಳಿ, ಕಛೇರಿ ಮಾಡಿ, ಟಿಕೆಟ್ ಮಾರಿ ಬದುಕಿದ.

ಆಗಿನ ಜನ ಕೇಳುತ್ತಿದ್ದ ರೀತಿ ಹೇಗಿತ್ತು ಅನ್ನುವುದಕ್ಕೂ ಮೊಜಾರ್ಟ್‌ನ ಪತ್ರಗಳೇ ಸಾಕ್ಷಿ. 1778ರ ಜೂನ್‌ನಲ್ಲಿ ಪ್ಯಾರಿಸ್‌ನಲ್ಲಿ ಅವನ ಹೊಸ ಸಿಂಫನಿ ನಡೆಯಿತು. ಮೊದಲ ಭಾಗದಲ್ಲಿ ಒಂದು ಕಡೆ ಜನ ಮೆಚ್ಚಿಯೇ ಮೆಚ್ಚುತ್ತಾರೆ ಅಂತ ಅವನಿಗೆ ಗೊತ್ತಿತ್ತು. ಆ ಜಾಗ ಬಂದ ಕೂಡಲೇ ಸಂಗೀತ ನಡೆಯುತ್ತಿರುವಾಗಲೇ ಚಪ್ಪಾಳೆ. ಅದಕ್ಕೇ ಕೊನೆಯಲ್ಲಿ ಅದನ್ನು ಮತ್ತೆ ತಂದಿಟ್ಟಿದ್ದ, ಮತ್ತೆ ಚಪ್ಪಾಳೆ. ಕೊನೆಯ ಭಾಗದಲ್ಲಿ ಇನ್ನೂ ಒಂದು ಚೇಷ್ಟೆ. ಪ್ಯಾರಿಸ್‌ನಲ್ಲಿ ಕೊನೆಯ ಭಾಗ ಅಂದರೆ ಎಲ್ಲ ವಾದ್ಯಗಳೂ ಒಟ್ಟಿಗೆ ಅಬ್ಬರಿಸಿ ಶುರುವಾಗುವುದು ವಾಡಿಕೆ. ಮೊಜಾರ್ಟ್ ಎರಡು ಸಾಲು ಪಿಟೀಲುಗಳನ್ನು ಮಾತ್ರ ಇಟ್ಟುಕೊಂಡು ಪಿಸುಗುಟ್ಟುವಂತೆ ಶುರು ಮಾಡಿದ. ಜನ ‘ಶ್ಶ್’ ಅಂತ ಒಬ್ಬರನ್ನೊಬ್ಬರು ಸುಮ್ಮನಾಗಿಸಿದರು. ಎಂಟು ಆವರ್ತ ಆದಮೇಲೆ ಇಡೀ ಮೇಳ ಎದ್ದಿತು, ಆ ಕ್ಷಣಕ್ಕೇ ಕೈಗಳೂ ಎದ್ದವು. ಖುಷಿಯಾಗಿ ಅವನು ಅಲ್ಲಿಂದ ಐಸ್‌ಕ್ರೀಮ್ ತಿನ್ನಲು ಹೋದ. ನಮ್ಮ ಕಛೇರಿಯಲ್ಲಿ ಒಂದು ಒಳ್ಳೆಯ ಸಂಗತಿಗೆ ‘ಭೇಷ್’ ಅಂತ ಬಾಯಿಂದ ಬಂದುಬಿಡುತ್ತದಲ್ಲ, ಪ್ಯಾರಿಸ್ ಜನರ ಚಪ್ಪಾಳೆ ಆ ಜಾತಿಯದು. ಈ ವಿವರ ಇರುವ ಪತ್ರ ಬರೆಯುವ ಹೊತ್ತಿಗೆ ಅವನ ತಾಯಿ ತೀರಿಕೊಂಡು ಕೆಲವೇ ಗಂಟೆ ಆಗಿತ್ತು. ಅಪ್ಪನಿಗೆ ಒಮ್ಮೆಲೇ ಹೇಳಲಾರದೆ, ಅಮ್ಮನಿಗೆ ತುಂಬ ಕಾಯಿಲೆ ಅಂತಷ್ಟೇ ಬರೆದ. ಅದನ್ನು ತಿಳಿದುಕೊಂಡು ಓದಿದರೆ ಐಸ್‌ಕ್ರೀಮ್ ಸಾಲು ಬೇರೆಯೇ ಥರ ಕೇಳಿಸುತ್ತದೆ.

ಟಿಕೆಟ್ ಕೊಂಡು ಬರುವ ಜನ ಬಂದದ್ದು ಎಷ್ಟು ದೊಡ್ಡ ಬದಲಾವಣೆ ಅಂತ ತಿಳಿಯಲು ಹೈಡನ್‌ನ ದಿನಚರಿಯ ಒಂದು ಸಾಲು ಸಾಕು. 1790ರಲ್ಲಿ ಅವನ ಒಡೆಯ ತೀರಿಕೊಂಡ. ಹೈಡನ್ ಲಂಡನ್‌ಗೆ ಹೋದ. ಅಲ್ಲಿ 1795ರ ಮೇ 4ರ ಒಂದೇ ಸಂಜೆಯ ಕಛೇರಿಯಿಂದ 4000 ಗಿಲ್ಡರ್ ಬಂತು, ಇಂಥದ್ದು ಇಂಗ್ಲೆಂಡಿನಲ್ಲಿ ಮಾತ್ರ ಸಾಧ್ಯ ಅಂತ ಬರೆದುಕೊಂಡಿದ್ದಾನೆ. ಅವನು ಕೆಲಸಕ್ಕೆ ಸೇರಿದಾಗಿನ ಹತ್ತು ವರ್ಷದ ಸಂಬಳ ಅದು. ಆ ಹಣ ಕೊಟ್ಟವರು ಬಂದದ್ದು ಬಹುಮಟ್ಟಿಗೆ ಸಿಂಫನಿ ಕೇಳಲು.

ದುಡ್ಡು ಬಂತು, ಆದರೆ ತತ್ವಶಾಸ್ತ್ರದ ಮರ್ಯಾದೆ ಇನ್ನೂ ಬಂದಿರಲಿಲ್ಲ. ಅದನ್ನು ತಂದುಕೊಟ್ಟವರು ಜರ್ಮನಿಯ ಕೆಲವು ಹುಡುಗರು. ವಾಕೆನ್‌ರೋಡರ್ ಎಂಬುವನು ಗೆಳೆಯ ಟೀಕ್ ಜೊತೆ ಸೇರಿ 1790ರ ದಶಕದ ಕೊನೆಗೆ ಕಲೆಯ ಬಗ್ಗೆ ಬರೆದದ್ದನ್ನು ಓದಿದರೆ ಪ್ರಾರ್ಥನೆಯ ಪುಸ್ತಕ ಓದಿದ ಹಾಗಾಗುತ್ತದೆ. ಸಂಗೀತ ಕೇಳುವುದು ಅವನಿಗೆ ಪೂಜೆ. ಅವನು 1798ರಲ್ಲಿ, 24ರ ವಯಸ್ಸಿಗೇ ತೀರಿಕೊಂಡ. ಈ ಹುಡುಗರ ತರ್ಕ ಸರಳವಾಗಿತ್ತು, ಸ್ವಲ್ಪ ತುಂಟತನದ್ದೂ ಹೌದು. ವಾದ್ಯಸಂಗೀತ ಯಾವುದನ್ನೂ ಅನುಕರಿಸುವುದಿಲ್ಲ ಅಂತ ತಾನೇ ನಿಮ್ಮ ದೂರು? ಅದೇ ಅದರ ದೊಡ್ಡತನ. ಮಾತು ಮುಟ್ಟಲಾಗದ ಕಡೆಗೆ ಅದು ಹೋಗುತ್ತದೆ. ದೋಷದ ಪಟ್ಟಿಯನ್ನೇ ಗುಣದ ಪಟ್ಟಿ ಮಾಡಿದರು.

ಇದನ್ನು ಒಂದು ಕೃತಿಯ ಮೇಲೆ ಇಟ್ಟು ತೋರಿಸಿದವನು ಲೇಖಕ, ಸಂಗೀತಗಾರ ಇ.ಟಿ.ಎ. ಹಾಫ್‌ಮನ್. ತಮಾಷೆ ಅಂದರೆ ಅವನೂ ಕೋನಿಗ್ಸ್‌ಬರ್ಗ್‌ನವನೇ. 1776ರಲ್ಲಿ ಅಲ್ಲಿ ಹುಟ್ಟಿ, ಕಾಂಟ್ ಇನ್ನೂ ಪಾಠ ಹೇಳುತ್ತಿದ್ದ ವಿಶ್ವವಿದ್ಯಾಲಯದಲ್ಲೇ ಕಾನೂನು ಓದಿದ. ಮೊಜಾರ್ಟ್ ಮೇಲಿನ ಪ್ರೀತಿಗೆ ತನ್ನ ಹೆಸರಿನ ವಿಲ್‌ಹೆಲ್ಮ್ ತೆಗೆದು ಅಮಾಡಿಯಸ್ ಅಂತ ಸೇರಿಸಿಕೊಂಡ. 1810ರ ಜುಲೈಯಲ್ಲಿ ಲೈಪ್‌ಜಿಗ್‌ನ ಸಂಗೀತ ಪತ್ರಿಕೆಯಲ್ಲಿ ಬೀಥೋವನ್‌ನ ಐದನೇ ಸಿಂಫನಿಯ ಬಗ್ಗೆ ಅವನ ದೀರ್ಘ ವಿಮರ್ಶೆ ಬಂತು. ಎಲ್ಲ ಕಲೆಗಳಲ್ಲಿ ಅತ್ಯಂತ ರೊಮ್ಯಾಂಟಿಕ್ ಆದದ್ದು ವಾದ್ಯಸಂಗೀತ, ಅದು ನಮಗೆ ಗೊತ್ತೇ ಇಲ್ಲದ ಒಂದು ಲೋಕದ ಬಾಗಿಲು ತೆರೆಯುತ್ತದೆ, ಅನಂತದ ಹಂಬಲ ಹುಟ್ಟಿಸುತ್ತದೆ ಅಂದ. ಇಷ್ಟೇ ಆಗಿದ್ದರೆ ಬರೀ ಬಣ್ಣದ ಮಾತು. ಮುಂದೆ ಅವನು ಸ್ವರಲಿಪಿ ಮುಂದಿಟ್ಟುಕೊಂಡು, ಆ ಮೊದಲ ನಾಲ್ಕು ಸ್ವರಗಳ ತುಣುಕೇ ಹೇಗೆ ಇಡೀ ಭಾಗವನ್ನು ಕಟ್ಟುತ್ತದೆ ಅಂತ ಬಿಡಿಸಿ ತೋರಿಸುತ್ತಾನೆ. ಭಾವಾವೇಶದ ಹಿಂದೆ ಲೆಕ್ಕಾಚಾರ ಇದೆ ಅನ್ನುವುದು ಅವನ ವಾದ. ಜ್ಞಾನೋದಯದ ಕಣ್ಣು ಹಾಫ್‌ಮನ್‌ಗೆ ಪೂರ್ತಿ ಇತ್ತು, ಹೊಟ್ಟೆಪಾಡಿಗೆ ಅವನು ನ್ಯಾಯಾಧೀಶನೂ ಆಗಿದ್ದ.

ಅದೇ ಐದನೇ ಸಿಂಫನಿ ಮೊದಲು ನಡೆದ ಸಂಜೆ ಹೇಗಿತ್ತು ಅಂತ ನೋಡಿದರೆ ನಗು ಬರುತ್ತದೆ. 1808ರ ಡಿಸೆಂಬರ್ 22, ವಿಯೆನ್ನಾದ ಒಂದು ರಂಗಮಂದಿರ. ಸಂಜೆ ಆರೂವರೆಯಿಂದ ರಾತ್ರಿ ಹತ್ತೂವರೆವರೆಗೆ, ಕೊರೆಯುವ ಚಳಿಯಲ್ಲಿ. ಐದನೇ ಸಿಂಫನಿ, ಆರನೇ ಸಿಂಫನಿ, ಪಿಯಾನೊ ಮುಂದಿದ್ದು ಮೇಳ ಜೊತೆಗೂಡುವ ಪಿಯಾನೊ ಕಾನ್ಸರ್ಟೊ, ಇನ್ನೂ ಏನೇನೋ. ಮೇಳಕ್ಕೆ ತಾಲೀಮು ಸಾಲದೆ ಕೊನೆಯ ಕೃತಿ ನಡುವೆ ಮುಗ್ಗರಿಸಿತು, ಬೀಥೋವನ್ ನಿಲ್ಲಿಸಿ ಮತ್ತೆ ಶುರು ಮಾಡಿಸಿದ. ಕೇಳುತ್ತಿದ್ದ ರೈಖಾರ್ಟ್ ಎಂಬ ಸಂಗೀತಗಾರ, ಒಳ್ಳೆಯದೂ ಅತಿಯಾಗಬಹುದು ಅಂತ ಬರೆದ.

ಬೀಥೋವನ್ ಒಬ್ಬನೇ ದೊರೆಗಳ ಸಂಕೋಲೆ ಮುರಿದು ಸ್ವತಂತ್ರನಾದ ಅನ್ನುವ ಕಥೆಯನ್ನು ನಾನು ಪೂರ್ತಿ ನಂಬುವುದಿಲ್ಲ. 1809ರಲ್ಲಿ ಅವನು ವಿಯೆನ್ನಾ ಬಿಟ್ಟು ಹೋಗಬಾರದು ಅಂತ ಆರ್ಚ್‌ಡ್ಯೂಕ್ ರುಡಾಲ್ಫ್ ಮತ್ತು ಇಬ್ಬರು ರಾಜಕುಮಾರರು ಸೇರಿ ವರ್ಷಕ್ಕೆ 4000 ಫ್ಲೋರಿನ್ ಕೊಡಲು ಒಪ್ಪಂದ ಮಾಡಿಕೊಂಡರು. ವ್ಯತ್ಯಾಸ ಇದ್ದದ್ದು ಕರಾರಿನಲ್ಲಿ. ಹೈಡನ್ ದಿನಾ ಅಪ್ಪಣೆ ಕೇಳಬೇಕಿತ್ತು, ಇವನಿಗೆ ಊರಲ್ಲಿ ಇದ್ದರೆ ಸಾಕಿತ್ತು. ಎರಡು ವರ್ಷದಲ್ಲಿ ಆಸ್ಟ್ರಿಯಾದ ನಾಣ್ಯದ ಬೆಲೆ ಕುಸಿದು ಆ ಹಣವೂ ಕರಗಿತು, ಉಳಿದದ್ದಕ್ಕೆ ಬೀಥೋವನ್ ವಕೀಲರ ಹಿಂದೆ ಅಲೆದ. ಬೇಕಾದ್ದು ಬರೆ ಅಂತ ಬಿಟ್ಟು ಹಣ ಕೊಡುವ ಈ ಥರದ ಪೋಷಣೆಗೆ ನಮ್ಮ ಕಡೆಯೇ ಒಂದು ತಡವಾದ ಉದಾಹರಣೆ ಇದೆ. 1940ರ ದಶಕದಲ್ಲಿ ಲಂಡನ್‌ನಲ್ಲಿದ್ದ ರಷ್ಯಾದ ಸಂಗೀತಗಾರ ಮೆಟ್ನರ್‌ನ ಕೃತಿಗಳನ್ನು ರೆಕಾರ್ಡ್ ಮಾಡಿಸಲು ಹಣ ಕೊಟ್ಟವರು ಮೈಸೂರಿನ ಜಯಚಾಮರಾಜೇಂದ್ರ ಒಡೆಯರ್. ರೊಮ್ಯಾಂಟಿಕ್ ದಾರಿಯನ್ನೇ ಹಟ ಹಿಡಿದು ನಡೆದ ಆ ಮುದುಕ ತನ್ನ ಮೂರನೇ ಪಿಯಾನೊ ಕಾನ್ಸರ್ಟೊವನ್ನು ಒಡೆಯರ್ ಅವರಿಗೇ ಅರ್ಪಿಸಿದ.

ಚಿತ್ರಕಲೆಯಲ್ಲೂ ಅದೇ ಹೊತ್ತಿಗೆ ಅನುಕರಣೆಯ ಗಂಟು ಸಡಿಲವಾಗುತ್ತಿತ್ತು. ಹಾಫ್‌ಮನ್‌ನ ವಿಮರ್ಶೆ ಬಂದ ವರ್ಷವೇ ಬರ್ಲಿನ್‌ನಲ್ಲಿ ಕಾಸ್ಪರ್ ಡೇವಿಡ್ ಫ್ರೀಡ್ರಿಕ್‌ನ ಒಂದು ದೊಡ್ಡ ಚಿತ್ರ ಪ್ರದರ್ಶನಕ್ಕೆ ಬಂತು. ಕೆಳಗೆ ಒಂದಿಷ್ಟು ಮರಳು, ಅದರ ಮೇಲೆ ಕಡ್ಡಿಯಂಥ ಒಬ್ಬ ಸನ್ಯಾಸಿ, ಒಂದು ಪಟ್ಟಿ ಕಪ್ಪು ಕಡಲು, ಉಳಿದದ್ದೆಲ್ಲ ಆಕಾಶ. ನೋಡಲು ಏನೂ ಇಲ್ಲ. ಕಣ್ಣಿನ ರೆಪ್ಪೆಯನ್ನೇ ಕತ್ತರಿಸಿ ಹಾಕಿದ ಹಾಗಾಗುತ್ತದೆ ಅಂತ ಕ್ಲೈಸ್ಟ್ ಎಂಬ ಲೇಖಕ ಬರೆದ. ಫ್ರೀಡ್ರಿಕ್ ಮೊದಲು ಕಡಲಲ್ಲಿ ಹಡಗುಗಳನ್ನು ಗುರುತು ಮಾಡಿಕೊಂಡಿದ್ದ, ಆಮೇಲೆ ಬಣ್ಣ ಬಳಿದು ಮುಚ್ಚಿದ ಅನ್ನುವುದು ಚಿತ್ರವನ್ನು ಯಂತ್ರದಡಿ ಪರೀಕ್ಷಿಸಿದಾಗ ಗೊತ್ತಾಗಿದೆ. ‘ಇದು ಹಡಗು’ ಅಂತ ತೋರಿಸಲು ಇದ್ದದ್ದನ್ನೂ ಅವನು ತೆಗೆದುಹಾಕಿದ. ಚಿತ್ರವೇ ಸೊನಾಟಾದ ಕಡೆ ನಡೆದುಬಂದಿತ್ತು!

ಇನ್ನು ಸಂಗೀತವನ್ನು ತಲೆಯ ಮೇಲೆ ಕೂರಿಸಿದ ಶೋಪೆನ್‌ಹಾವರ್. 1818ರ ಕೊನೆಗೆ ಬಂದ ಅವನ ಮುಖ್ಯ ಗ್ರಂಥದ ಪ್ರಕಾರ ಬೇರೆ ಕಲೆಗಳು ತೋರಿಸುವುದು ನೆರಳನ್ನು. ಲೋಕವನ್ನು ಒಳಗಿನಿಂದ ನಡೆಸುವ ಕುರುಡು ಇಚ್ಛೆಯನ್ನೇ ನೇರವಾಗಿ ನುಡಿಸುವುದು ಸಂಗೀತ. ಲೋಕವೇ ಇಲ್ಲದಿದ್ದರೂ ಸಂಗೀತ ಇರಬಹುದಿತ್ತು ಅಂತಲೂ ಹೇಳಿದ. ಉಪನಿಷತ್ತುಗಳನ್ನು ಅವನು ಓದಿಕೊಂಡಿದ್ದ. ಮೊಘಲ್ ರಾಜಕುಮಾರ ದಾರಾ ಶಿಕೊ 1657ರಲ್ಲಿ ಮಾಡಿಸಿದ ಪರ್ಷಿಯನ್ ಅನುವಾದ, ಅದರಿಂದ ಫ್ರೆಂಚ್ ವಿದ್ವಾಂಸನೊಬ್ಬ ಮಾಡಿದ ಲ್ಯಾಟಿನ್ ಅನುವಾದ, ಹೀಗೆ ಸುತ್ತಿ ಬಳಸಿ ಅವನ ಕೈ ಸೇರಿತ್ತು. ಇಷ್ಟು ಗಂಭೀರ ಮಾತಾಡಿದ ಮನುಷ್ಯ ದಿನಾ ಕೊಳಲು ನುಡಿಸುತ್ತಿದ್ದ, ಅದರಲ್ಲಿ ನುಡಿಸಲು ಇಷ್ಟವಾದದ್ದು ರೊಸ್ಸೀನಿಯ ಲವಲವಿಕೆಯ ಒಪೆರಾ ರಾಗಗಳು.

ಸಂಗೀತ ಪೂಜೆ ಆದಮೇಲೆ ಸಭೆಯ ರೀತಿಯೂ ಬದಲಾಯಿತು. ಒಂದೇ ದಿನದಲ್ಲಿ ಅಲ್ಲ. 1813ರಲ್ಲಿ ಬೀಥೋವನ್‌ನ ಏಳನೇ ಸಿಂಫನಿಯ ಎರಡನೇ ಭಾಗವನ್ನು ಜನ ಅಲ್ಲೇ ಮತ್ತೊಮ್ಮೆ ನುಡಿಸಿ ಅಂತ ಹಟ ಹಿಡಿದಿದ್ದರು. 1842ರಲ್ಲಿ ಮೆಂಡೆಲ್ಸನ್ ತನ್ನ ಸಿಂಫನಿಯೊಂದರ ಭಾಗಗಳ ನಡುವೆ ಎಂದಿನ ಬಿಡುವು ಬೇಡ, ಒಂದಕ್ಕೊಂದು ಸೇರಿಸಿಯೇ ನುಡಿಸಬೇಕು ಅಂತ ಸ್ವರಲಿಪಿಯಲ್ಲೇ ಸೂಚನೆ ಹಾಕಿದ. ಕ್ರಮೇಣ ನಡುವೆ ಚಪ್ಪಾಳೆ ತಟ್ಟುವುದು ಅಸಭ್ಯತೆ ಆಯಿತು. ಆಳ ಸಿಕ್ಕಿತು, ನಿಜ. ಮೊಜಾರ್ಟ್ ಆಡಿದಂಥ ಚೇಷ್ಟೆಗೆ ಜಾಗ ಕಮ್ಮಿಯಾಯಿತು ಅನ್ನುವುದೂ ನಿಜ.

ಹಳೆಯ ಪ್ರಶ್ನೆ ಮಾತ್ರ ಸಾಯಲಿಲ್ಲ. 1830ರಲ್ಲಿ ಬೆರ್ಲಿಯೋಜ್ ತನ್ನ ಸಿಂಫನಿಯ ಜೊತೆ ಕಥೆಯನ್ನೇ ಅಚ್ಚು ಹಾಕಿಸಿ ಜನರಿಗೆ ಹಂಚಿದ. ಒಪೆರಾಗಳನ್ನು ಬರೆಯುತ್ತಿದ್ದ ಜರ್ಮನ್ ಸಂಗೀತಗಾರ ವಾಗ್ನರ್, ಸಂಗೀತಕ್ಕೆ ಮತ್ತೆ ಮಾತು, ನಾಟಕ ಬೇಕೇ ಬೇಕು ಅಂದ. ಇವರ ಎದುರು ನಿಂತವನು ವಿಯೆನ್ನಾದ ವಿಮರ್ಶಕ ಹ್ಯಾನ್ಸ್ಲಿಕ್. ಸಂಗೀತದ ವಸ್ತು ಅಂದರೆ ಚಲಿಸುವ ನಾದದ ಆಕಾರಗಳು, ಅದಕ್ಕಿಂತ ಆಚೆ ಹುಡುಕಬೇಡಿ ಅಂತ 1854ರಲ್ಲಿ ಒಂದು ಪುಟ್ಟ ಪುಸ್ತಕ ಬರೆದ. ವಾಗ್ನರ್ ಇದಕ್ಕೆ ತನ್ನದೇ ರೀತಿಯಲ್ಲಿ ಸೇಡು ತೀರಿಸಿಕೊಂಡ. ಅವನು ಬರೆಯುತ್ತಿದ್ದ ಹಾಸ್ಯ ಒಪೆರಾದಲ್ಲಿ, ಹಾಡುವವರ ತಪ್ಪನ್ನು ಹಲಗೆ ಮೇಲೆ ಗೀಟು ಹಾಕಿ ಎಣಿಸುವ ಒಬ್ಬ ಜಿಗುಟು ಗುಮಾಸ್ತ ಇದ್ದಾನೆ. ಒಂದು ಕರಡಿನಲ್ಲಿ ಆ ಗುಮಾಸ್ತನ ಹೆಸರು ‘ಹ್ಯಾನ್ಸ್ಲಿಖ್’ ಅಂತಲೇ ಇತ್ತು. 1862ರಲ್ಲಿ ವಿಯೆನ್ನಾದ ಸ್ನೇಹಿತರೊಬ್ಬರ ಮನೆಯಲ್ಲಿ ವಾಗ್ನರ್ ಆ ನಾಟಕವನ್ನು ಗಟ್ಟಿಯಾಗಿ ಓದಿದ. ಕೇಳಲು ಬಂದವರಲ್ಲಿ ಹ್ಯಾನ್ಸ್ಲಿಕ್ ಕೂಡ ಇದ್ದ. ಓದು ಮುಂದುವರಿದ ಹಾಗೆ ಅವನ ಮುಖ ಬಿಳಿಚಿತು, ಮುಗಿದ ಮೇಲೆ ಎಷ್ಟು ಹೇಳಿದರೂ ನಿಲ್ಲದೆ ಹೊರಟುಹೋದ ಅಂತ ವಾಗ್ನರ್ ತನ್ನ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾನೆ.