ಒಂದೇ ತಿಂಗಳು ಸಚಿವರಾಗಿದ್ದ ಜೈ ರಾಮ್ ರೆಡ್ಡಿ ಫಿಜಿಗೆ ಏಕೆ ಮುಖ್ಯರಾದರು?

ಓದುಗರ ಪ್ರಶ್ನೆ: ಫಿಜಿಯ ರಾಜಕೀಯದ ಬಗ್ಗೆ ಓದುವಾಗ ಜೈ ರಾಮ್ ರೆಡ್ಡಿ ಎಂಬ ವಕೀಲರ ಹೆಸರು ಮತ್ತೆ ಮತ್ತೆ ಬರುತ್ತದೆ. ಅವರು ಸಚಿವರಾಗಿದ್ದದ್ದು ಕೇವಲ ಒಂದು ತಿಂಗಳು. ಹಾಗಿದ್ದೂ ಅವರಿಗೆ ಇಷ್ಟು ಮಹತ್ವವೇಕೆ?

ಉತ್ತರ: ರೆಡ್ಡಿಯವರ ಮಹತ್ವ ಇರುವುದು ಸಚಿವ ಪದವಿಯಲ್ಲಲ್ಲ, ಅದು ಕೈತಪ್ಪಿದ ಮೇಲೆ ಅವರು ಹಿಡಿದ ದಾರಿಯಲ್ಲಿ.

ಕಬ್ಬಿನ ಸೀಮೆಯಾದ ಲೌಟೋಕಾದಲ್ಲಿ 1937ರಲ್ಲಿ ಹುಟ್ಟಿದ ಅವರು ನ್ಯೂಜಿಲೆಂಡಿನ ವೆಲಿಂಗ್ಟನ್‌ನಲ್ಲಿ ಕಾನೂನು ಓದಿ, ಊರಿಗೆ ಮರಳಿ ವಕೀಲಿ ವೃತ್ತಿ ನಡೆಸಿದರು. ಬ್ರಿಟಿಷರ ಕಾಲದ ಗಿರ್ಮಿಟ್ ಎಂಬ ಕೂಲಿ ಕರಾರಿನಡಿ ತೋಟಗಳಿಗೆ ಬಂದ ಭಾರತೀಯರ ವಂಶಸ್ಥರೇ ಹೆಚ್ಚಾಗಿದ್ದ ನ್ಯಾಷನಲ್ ಫೆಡರೇಷನ್ ಪಕ್ಷವನ್ನು ಸೇರಿ, 1977ರಲ್ಲಿ ವಿರೋಧ ಪಕ್ಷದ ನಾಯಕರಾದರು. 1987ರ ಏಪ್ರಿಲ್ ಚುನಾವಣೆಯಲ್ಲಿ ಅವರ ಪಕ್ಷ ಮತ್ತು ಲೇಬರ್ ಪಕ್ಷದ ಮೈತ್ರಿಕೂಟ 52ರಲ್ಲಿ 28 ಸ್ಥಾನ ಗೆದ್ದಾಗ, ಮೂಲನಿವಾಸಿ ಫಿಜಿಯನ್ನರಾದ ತಿಮೋಚಿ ಬವಾದ್ರಾ ಪ್ರಧಾನಿಯಾದರು; ರೆಡ್ಡಿ ಅಟಾರ್ನಿ ಜನರಲ್ ಮತ್ತು ನ್ಯಾಯಾಂಗ ಸಚಿವರ ಹೊಣೆ ಹೊತ್ತರು. ಮೇ 14ರಂದು ರಾಜಧಾನಿ ಸುವಾ ನಗರದಲ್ಲಿ ಸಂಸತ್ತಿನ ಕಲಾಪ ನಡೆಯುತ್ತಿದ್ದಾಗಲೇ ಮುಸುಕು ತೊಟ್ಟ ಸೈನಿಕರು ಒಳನುಗ್ಗಿ ಆಡಳಿತ ಪಕ್ಷದವರನ್ನು ಲಾರಿಗಳಲ್ಲಿ ಹತ್ತಿಸಿಕೊಂಡು ಹೋದರು. ದಂಗೆಯ ನಾಯಕ ಲೆಫ್ಟಿನೆಂಟ್ ಕರ್ನಲ್ ಸಿತಿವೇನಿ ರಂಬುಕಾ.

1990ರಲ್ಲಿ ಜಾರಿಗೆ ಬಂದ ಸಂವಿಧಾನ 70 ಸ್ಥಾನಗಳಲ್ಲಿ 37ನ್ನು ಮೂಲನಿವಾಸಿಗಳಿಗೂ 27ನ್ನು ಭಾರತೀಯರಿಗೂ ಹಂಚಿ, ಮೂಲನಿವಾಸಿಯೇ ಪ್ರಧಾನಿಯಾಗಬೇಕೆಂದು ವಿಧಿಸಿತು. ಚುನಾವಣೆಯನ್ನೇ ಬಹಿಷ್ಕರಿಸುವುದು ಆಗ ಸುಲಭದ ದಾರಿಯಾಗಿತ್ತು. ರೆಡ್ಡಿ ಅದನ್ನು ಒಪ್ಪದೆ 1992ರಲ್ಲಿ ಸ್ಪರ್ಧಿಸಿ ಮತ್ತೆ ವಿರೋಧ ಪಕ್ಷದ ನಾಯಕರಾದರು. ತಮ್ಮ ಸರ್ಕಾರವನ್ನು ಉರುಳಿಸಿ ಆಗ ಪ್ರಧಾನಿಯಾಗಿದ್ದ ಅದೇ ರಂಬುಕಾ ಅವರೊಡನೆ ಮಾತುಕತೆಗೆ ಕುಳಿತರು. ನನ್ನ ದೃಷ್ಟಿಯಲ್ಲಿ ಅವರ ಜೀವನದ ಅತ್ಯಂತ ಧೈರ್ಯದ ನಡೆ ಇದೇ.

1990ರ ಸಂವಿಧಾನವನ್ನು ಪರಿಶೀಲಿಸಲು ನೇಮಕವಾದ ಸರ್ ಪಾಲ್ ರೀವ್ಸ್ ನೇತೃತ್ವದ ಆಯೋಗ 1996ರಲ್ಲಿ ವರದಿ ಕೊಟ್ಟು, ಜನಾಂಗದ ಲೆಕ್ಕವಿಲ್ಲದೆ ಎಲ್ಲರೂ ಮತ ಹಾಕುವ ಮುಕ್ತ ಕ್ಷೇತ್ರಗಳೇ ಹೆಚ್ಚಿರಲಿ ಎಂದಿತ್ತು. ಕೊನೆಗೆ ಒಪ್ಪಿಗೆಯಾದದ್ದು 25 ಮುಕ್ತ ಕ್ಷೇತ್ರಗಳಿಗೆ ಮಾತ್ರ. ಉಳಿದ 46 ಜನಾಂಗವಾರು ಸ್ಥಾನಗಳಾಗಿಯೇ ಉಳಿದವು. ಆದರೂ ಯಾವ ಜನಾಂಗದವರಾದರೂ ಪ್ರಧಾನಿಯಾಗಬಹುದೆಂಬುದು ಹೊಸ ಸಂವಿಧಾನದಲ್ಲಿ ಸೇರಿತು. ಕರಡಿಗೆ ಬುಡಕಟ್ಟು ಮುಖ್ಯಸ್ಥರ ಮಹಾಮಂಡಳಿಯ ಸಮ್ಮತಿ ಬೇಕಿದ್ದಾಗ, 1997ರ ಜೂನ್‌ನಲ್ಲಿ ರೆಡ್ಡಿಯವರೇ ಅಲ್ಲಿ ಹೋಗಿ ಮಾತನಾಡಿದರು. ಆ ಸಭೆಯನ್ನು ಉದ್ದೇಶಿಸಿ ಮಾತನಾಡಿದ ಮೊದಲ ಭಾರತೀಯ ಮೂಲದ ನಾಯಕ ಅವರು.

ಇದಕ್ಕೆ ಅವರು ತೆತ್ತ ಬೆಲೆ ದೊಡ್ಡದು. 1999ರಲ್ಲಿ ರಂಬುಕಾ ಪಕ್ಷದೊಡನೆ ಮೈತ್ರಿ ಮಾಡಿಕೊಂಡು ಚುನಾವಣೆಗೆ ಹೋದ ಅವರ ಪಕ್ಷಕ್ಕೆ ಒಂದೇ ಒಂದು ಸ್ಥಾನವೂ ದಕ್ಕಲಿಲ್ಲ. ಭಾರತೀಯರಿಗೆ ಮೀಸಲಾದ 19 ಸ್ಥಾನಗಳನ್ನೂ ಬಾಚಿಕೊಂಡ ಲೇಬರ್ ಪಕ್ಷದ ಮಹೇಂದ್ರ ಚೌಧರಿ, ರೆಡ್ಡಿ ದುಡಿದು ತಂದ ಸಂವಿಧಾನದ ಬಲದಿಂದಲೇ ದೇಶದ ಮೊದಲ ಭಾರತೀಯ ಮೂಲದ ಪ್ರಧಾನಿಯಾದರು. 2000ದ ಮೇ ತಿಂಗಳಲ್ಲಿ ಅವರನ್ನೂ ಬಂದೂಕುಧಾರಿಗಳು ಒತ್ತೆ ಇಟ್ಟರು. 2009ರಲ್ಲಿ ಆ ಸಂವಿಧಾನವೇ ರದ್ದಾಯಿತು.

ರಾಜಕೀಯ ಬಿಟ್ಟ ರೆಡ್ಡಿ ನ್ಯಾಯಪೀಠವೇರಿ ಫಿಜಿಯ ಮೇಲ್ಮನವಿ ನ್ಯಾಯಾಲಯದ ಅಧ್ಯಕ್ಷರಾದರು; 2003ರಲ್ಲಿ ವಿಶ್ವಸಂಸ್ಥೆಯ ಮಹಾಸಭೆ ಅವರನ್ನು ರುವಾಂಡಾ ನರಮೇಧದ ವಿಚಾರಣೆ ನಡೆಸುತ್ತಿದ್ದ, ಟಾಂಜಾನಿಯಾದ ಅರೂಷಾ ನಗರದ ಅಂತಾರಾಷ್ಟ್ರೀಯ ನ್ಯಾಯಮಂಡಳಿಗೆ ನ್ಯಾಯಾಧೀಶರನ್ನಾಗಿ ಆರಿಸಿತು. ಅವರು 2022ರಲ್ಲಿ ಆಕ್ಲೆಂಡ್‌ನಲ್ಲಿ ನಿಧನರಾದರು.