ನಾನೂರು ಕೋಟಿ ಊಹೆ, ಅರ್ಧ ಗಂಟೆ

ಮನೆಗೆ ಫೈಬರ್ ಕನೆಕ್ಷನ್ ಹಾಕಲು ಬಂದ ಹುಡುಗ ಹೊರಡುವ ಮುಂಚೆ ಕೇಳುತ್ತಾನೆ: "ವೈಫೈ ಪಾಸ್‌ವರ್ಡ್ ಏನ್ ಇಡ್ಲಿ ಸಾರ್?" ಯೋಚಿಸಲು ಪುರುಸೊತ್ತಿಲ್ಲದೆ ಎಷ್ಟೋ ಜನ ಮೊಬೈಲ್ ನಂಬರನ್ನೇ ಹೇಳಿಬಿಡುತ್ತಾರೆ. ಮರೆಯುವುದಿಲ್ಲ, ನೆಂಟರಿಗೆ ಹೇಳುವುದೂ ಸುಲಭ. ಹತ್ತು ಅಂಕಿಯನ್ನು ಯಾರು ತಾನೇ ಊಹಿಸಿಯಾರು ಎಂಬ ಧೈರ್ಯ ಬೇರೆ. ಊಹಿಸುವವನು ಮನುಷ್ಯನಾಗಿದ್ದರೆ ಆ ಧೈರ್ಯ ಸರಿಯೇ.

ಫೋನು ರೂಟರಿಗೆ ಸೇರುವಾಗ ಪಾಸ್‌ವರ್ಡನ್ನು ಗಾಳಿಯಲ್ಲಿ ಕಳಿಸುವುದಿಲ್ಲ. 2004ರಲ್ಲಿ ಬಂದು ಇಂದಿಗೂ ಬಹಳ ಮನೆಗಳಲ್ಲಿರುವ ಡಬ್ಲ್ಯುಪಿಎ2 ಎಂಬ ವೈಫೈ ಭದ್ರತಾ ಪದ್ಧತಿಯಲ್ಲಿ, ಪಾಸ್‌ವರ್ಡನ್ನೂ ನೆಟ್‌ವರ್ಕಿನ ಹೆಸರನ್ನೂ ಸೇರಿಸಿ ಒಂದು ಗಣಿತ ಕ್ರಿಯೆಯಲ್ಲಿ 4,096 ಸುತ್ತು ಅರೆಯಲಾಗುತ್ತದೆ. ಹಾಗೆ ಹುಟ್ಟುವ 256 ಬಿಟ್‌ಗಳ ಕೀಲಿ ತನ್ನ ಬಳಿ ಇದೆ ಎಂಬುದನ್ನು ಫೋನೂ ರೂಟರೂ ನಾಲ್ಕು ಸಂದೇಶಗಳಲ್ಲಿ, ಕೀಲಿಯನ್ನು ಹೊರಗೆಡವದೆ, ಪರಸ್ಪರ ಖಾತ್ರಿಪಡಿಸಿಕೊಳ್ಳುತ್ತವೆ. ಜಾಣ ಏರ್ಪಾಡೇ. ಆದರೆ ರೇಡಿಯೊ ಅಲೆಗೆ ಕಾಂಪೌಂಡು ಗೋಡೆ ಅಡ್ಡವಲ್ಲ. ರಸ್ತೆಯಲ್ಲಿ ನಿಂತವನು ಆ ನಾಲ್ಕು ಸಂದೇಶಗಳನ್ನು ಹಿಡಿದಿಟ್ಟುಕೊಂಡು ಹೋಗಿ, ತನ್ನ ಕಂಪ್ಯೂಟರಿನಲ್ಲಿ ಒಂದೊಂದೇ ಪಾಸ್‌ವರ್ಡನ್ನು ಅದೇ ರೀತಿ ಅರೆದು, ಫಲಿತಾಂಶ ತಾಳೆಯಾಗುತ್ತದೆಯೇ ಎಂದು ನೋಡುತ್ತಾ ಹೋಗಬಹುದು. ಎಟಿಎಂನಲ್ಲಿ ಮೂರು ಸಲ ತಪ್ಪು ಪಿನ್ ಒತ್ತಿದರೆ ಕಾರ್ಡ್ ಬ್ಲಾಕ್ ಆಗುತ್ತದೆ. ಇಲ್ಲಿ ಆ ತಡೆ ಇಲ್ಲ, ಏಕೆಂದರೆ ಊಹೆ ನಡೆಯುತ್ತಿರುವುದೇ ನಿಮ್ಮ ರೂಟರಿಗೆ ಗೊತ್ತಾಗುವುದಿಲ್ಲ. ಬಹಳಷ್ಟು ರೂಟರುಗಳಲ್ಲಿ ಯಾವ ಫೋನೂ ಸೇರುವವರೆಗೆ ಕಾಯಬೇಕಿಲ್ಲ, ರೂಟರಿನ ಒಂದೇ ಸಂದೇಶ ಸಾಕು ಎಂದು 2018ರಲ್ಲಿ ತಿಳಿದುಬಂತು.

ಈಗ ಲೆಕ್ಕ ಹಾಕೋಣ. ನಮ್ಮ ಮೊಬೈಲ್ ಸಂಖ್ಯೆಗಳು 6, 7, 8 ಅಥವಾ 9ರಿಂದ ಶುರುವಾಗುತ್ತವೆ. ಅಂದರೆ ಇರಬಹುದಾದ ಒಟ್ಟು ಸಂಖ್ಯೆಗಳು 400 ಕೋಟಿ. ಆಟವಾಡಲೆಂದು ಕೊಳ್ಳುವ ದುಬಾರಿ ಗ್ರಾಫಿಕ್ಸ್ ಕಾರ್ಡ್ ಒಂದು ಸೆಕೆಂಡಿಗೆ ಸುಮಾರು 25 ಲಕ್ಷ ಊಹೆಗಳನ್ನು ಪರೀಕ್ಷಿಸಬಲ್ಲದು. 400 ಕೋಟಿಗೆ 1,600 ಸೆಕೆಂಡು, ಅರ್ಧ ಗಂಟೆಯೂ ಬೇಡ. ಇದು ಬರೀ ಕಾಗದದ ಮೇಲಿನ ಲೆಕ್ಕವಲ್ಲ. ಇಸ್ರೇಲಿನ ಟೆಲ್ ಅವೀವ್‌ನಲ್ಲಿ ಸೈಬರ್‌ಆರ್ಕ್ ಸಂಸ್ಥೆಯ ಸಂಶೋಧಕರೊಬ್ಬರು ಊರೆಲ್ಲ ಸುತ್ತಿ 5,000 ವೈಫೈಗಳ ಸಂದೇಶ ಸಂಗ್ರಹಿಸಿ, ಅವುಗಳಲ್ಲಿ ಸುಮಾರು 70%ರ ಪಾಸ್‌ವರ್ಡನ್ನು ಬಿಡಿಸಿದ ವರದಿ 2021ರಲ್ಲಿ ಪ್ರಕಟವಾಯಿತು. ಅಲ್ಲೂ ಬಹಳ ಜನ ಇಟ್ಟುಕೊಂಡಿದ್ದದ್ದು ಮೊಬೈಲ್ ನಂಬರನ್ನೇ.

ಹಾಗಾದರೆ ಏನಿಡಬೇಕು? ಚಿಹ್ನೆ, ದೊಡ್ಡಕ್ಷರ, ಅಂಕಿ ಎಲ್ಲ ಬೆರೆಸಿ ಯಾರಿಗೂ ನೆನಪಿರದಂತೆ ಮಾಡುವ ಸಲಹೆ ನನಗೆ ಅಷ್ಟು ಒಪ್ಪಿಗೆಯಿಲ್ಲ. ಬೇಕಾದದ್ದು ಉದ್ದ, ಮತ್ತು ಅಂದಾಜಿಗೆ ಸಿಗದಿರುವುದು. ನಿಘಂಟಿನಲ್ಲಿ ಕಣ್ಣುಮುಚ್ಚಿ ಪುಟ ತೆರೆದು ಸಿಕ್ಕಿದ ಪದಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಜೋಡಿಸಿ: ಕೋಡುಬಳೆ, ಹಾರೆ, ತೊಟ್ಟಿಲು, ಮುಂಗಾರು, ಸುಣ್ಣ. ವೈಫೈ 63 ಅಕ್ಷರಗಳವರೆಗೂ ಒಪ್ಪುತ್ತದೆ. ಐದು ಸಾವಿರ ಪದಗಳ ಪಟ್ಟಿಯಿಂದ ನಾಲ್ಕನ್ನು ಹೀಗೆ ಎತ್ತಿದರೆ 625 ಲಕ್ಷ ಕೋಟಿ ಸಾಧ್ಯತೆಗಳು. ಅದೇ ಕಾರ್ಡಿಗೆ ಎಲ್ಲವನ್ನೂ ನೋಡಿ ಮುಗಿಸಲು ಸುಮಾರು ಎಂಟು ವರ್ಷ ಬೇಕು. ಐದನೆಯ ಪದ ಸೇರಿಸಿದರೆ ಸುಮಾರು 40 ಸಾವಿರ ವರ್ಷ! ಪದಗಳನ್ನು ನೀವೇ ಆರಿಸಬೇಡಿ ಅಷ್ಟೆ. ಮನೆದೇವರು, ಮಗಳ ಹೆಸರು, ಮೆಚ್ಚಿನ ನಟ ತಾವಾಗಿ ನುಸುಳಿಬಿಡುತ್ತಾರೆ. ಮನೆಗೆ ಬಂದವರಿಗೆ ಇಷ್ಟುದ್ದ ಹೇಳುವ ಕಷ್ಟವೂ ಇಲ್ಲ, ಫೋನೇ ಕ್ಯೂಆರ್ ಕೋಡ್ ತೋರಿಸುತ್ತದೆ.

2018ರಲ್ಲಿ ಘೋಷಣೆಯಾದ ಡಬ್ಲ್ಯುಪಿಎ3 ಈ ರೋಗಕ್ಕೆ ಬುಡದಲ್ಲೇ ಮದ್ದು ಹುಡುಕಿತು. ಅದರಲ್ಲಿ ಪ್ರತಿ ಊಹೆಗೂ ರೂಟರಿನೊಡನೆ ಹೊಸದಾಗಿ ಮಾತಾಡಲೇಬೇಕು, ಹಿಡಿದುಕೊಂಡು ಹೋದ ಸಂದೇಶ ಕೆಲಸಕ್ಕೆ ಬಾರದು. ನಿಮ್ಮ ರೂಟರಿನಲ್ಲಿದ್ದರೆ ಹಾಕಿಕೊಳ್ಳಿ. ಹಳೆಯ ಸಾಧನಗಳಿಗಾಗಿ ಎರಡನ್ನೂ ಬೆರೆಸಿ ಇಟ್ಟರೆ ಮಾತ್ರ ಡಬ್ಲ್ಯುಪಿಎ2ರ ದೌರ್ಬಲ್ಯ ಜೊತೆಗೇ ಉಳಿಯುತ್ತದೆ. ಪಾಸ್‌ವರ್ಡಿನ ಬದಲು ಎಂಟಂಕಿಯ ಪಿನ್ ಕೇಳಿ ವೈಫೈಗೆ ಸೇರಿಸಿಕೊಳ್ಳುವ ಡಬ್ಲ್ಯುಪಿಎಸ್ ಸೌಲಭ್ಯವನ್ನಂತೂ ಆಫ್ ಮಾಡಿ. ಅದು ಪಿನ್ ಅನ್ನು ಎರಡು ತುಂಡು ಮಾಡಿ ಬೇರೆಬೇರೆಯಾಗಿ ಪರೀಕ್ಷಿಸುತ್ತದೆ, ಕೊನೆಯ ಅಂಕಿ ಬರೀ ತಾಳೆ ನೋಡಲಿಕ್ಕೆ ಇರುವುದು. ಹಾಗಾಗಿ ಹತ್ತು ಕೋಟಿ ಊಹೆ ಬೇಕಾಗಬೇಕಿದ್ದ ಕಡೆ 11,000 ಸಾಕು. ಇದು 2011ರಲ್ಲೇ ಬಯಲಾದ ಸಂಗತಿ. ನೆಟ್‌ವರ್ಕಿನ ಹೆಸರನ್ನು ಅಡಗಿಸಿಡುವುದರಿಂದ ಮಾತ್ರ ಹೆಚ್ಚೇನೂ ಲಾಭವಿಲ್ಲ. ನಿಮ್ಮ ಫೋನು ಸೇರುವಾಗ ಆ ಹೆಸರನ್ನು ತಾನೇ ಕೂಗಿ ಹೇಳುತ್ತದೆ.

ಒಳಗೆ ಬಂದವನು ಏನು ಮಾಡಿಯಾನು? ಬ್ಯಾಂಕಿನ ಪಾಸ್‌ವರ್ಡ್ ಕದಿಯುತ್ತಾನೆ ಎಂಬ ಭಯ ಈಗ ಸ್ವಲ್ಪ ಅತಿಯೇ, ಬ್ಯಾಂಕಿನ ತಾಣ ಮತ್ತು ಆ್ಯಪ್‌ಗಳ ಸಂಪರ್ಕಕ್ಕೆ ತನ್ನದೇ ಗೂಢಲಿಪಿಯ ರಕ್ಷಣೆಯಿದೆ. ಅಪಾಯ ಬೇರೆ ಕಡೆ ಇದೆ. ಮನೆಯ ಎಲ್ಲ ಸಾಧನಗಳೂ ಹೊರಗಿನ ಇಂಟರ್‌ನೆಟ್ಟಿಗೆ ಒಂದೇ ವಿಳಾಸದಲ್ಲಿ ಕಾಣುತ್ತವೆ, ಆ ವಿಳಾಸದ ಜಾಡು ಬಿಲ್ಲು ಕಟ್ಟುವವರ ಹೆಸರಿಗೇ ಬಂದು ನಿಲ್ಲುತ್ತದೆ. 2008ರ ಜುಲೈ 26ರ ಅಹಮದಾಬಾದ್ ಸ್ಫೋಟಗಳ ಹೊಣೆ ಹೊತ್ತ ಇಮೇಲ್ ಹೊರಟದ್ದು ನವಿ ಮುಂಬೈಯಲ್ಲಿ ನೆಲೆಸಿದ್ದ ಅಮೆರಿಕನ್ ಒಬ್ಬರ ಮನೆಯ ವೈಫೈಯಿಂದ. ಪೊಲೀಸರು ಮೊದಲು ವಿಚಾರಿಸಿದ್ದು ಅವರನ್ನೇ.

ಇನ್ನೊಂದು ಅಪಾಯ ಮನೆಯೊಳಗಿನದು. ಕ್ಯಾಮೆರಾ, ಟಿವಿ, ಪ್ರಿಂಟರುಗಳು ಒಂದೇ ನೆಟ್‌ವರ್ಕಿನಲ್ಲಿರುವವರನ್ನು ಸುಲಭವಾಗಿ ನಂಬಿಬಿಡುತ್ತವೆ. ಅವನ್ನೂ ಅತಿಥಿಗಳನ್ನೂ ರೂಟರಿನ ಗೆಸ್ಟ್ ನೆಟ್‌ವರ್ಕಿಗೆ ಹಾಕುವುದು ಒಳ್ಳೆಯದು. ಹಾಗೆಯೇ ರೂಟರಿನ ಸೆಟ್ಟಿಂಗ್ ಪುಟಕ್ಕೂ ಪ್ರತ್ಯೇಕ ಪಾಸ್‌ವರ್ಡ್ ಇರುತ್ತದೆ, ವೈಫೈಯದ್ದಲ್ಲ. ಅದು ಇನ್ನೂ 'ಅಡ್ಮಿನ್' ಎಂದೇ ಇದ್ದರೆ, ಸೆಟ್ಟಿಂಗ್ ಪುಟ ತೆರೆದಾಗ ಮೊದಲು ಬದಲಿಸಬೇಕಾದದ್ದು ಅದನ್ನೇ.